ಬಂದವರ ಕಥೆ ಇನ್ನೂ ತೆರೆಗೆ ಬಂದಿಲ್ಲ

‘ಚೋಮನ ದುಡಿ’ ತೆರೆಗೆ ಬಂದು ಅರ್ಧ ಶತಮಾನ ಕಳೆಯಿತು. 1975ರಲ್ಲಿ ಬಿ.ವಿ. ಕಾರಂತರು ಮಾಡಿದ ಆ ಚಿತ್ರಕ್ಕೆ ಸ್ವರ್ಣ ಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ದೇಶದ ಶ್ರೇಷ್ಠ ನಟನೆಂಬ ಮನ್ನಣೆ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ ಹೊರಟು, 1976ರಲ್ಲಿ ಅದು ಕಾಯ್ದೆಯಾಯಿತು. ಚಿತ್ರವನ್ನು ನೋಡಿದವರಿಗೆಲ್ಲ ದುಡಿಯ ಸದ್ದು ನೆನಪಿದೆ, ಬೇಸಾಯ ಮಾಡಬೇಕೆಂಬ ಚೋಮನ ಆಸೆ ನೆನಪಿದೆ. ಸಾಲ ತೀರಿಸಲು ಅವನ ಮಕ್ಕಳು ಕಾಫಿ ತೋಟಕ್ಕೆ ಹೋದದ್ದು ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ. ಮುಂಗಡ ಕೊಟ್ಟ ಸಾಹುಕಾರ, ದೂರದ ತೋಟ, ಎಷ್ಟು ದುಡಿದರೂ ತೀರದ ಲೆಕ್ಕ, ಮರಳಿ ಬಾರದ ಮಗ. ವಲಸೆ ಕಾರ್ಮಿಕನ ಕಥೆ ನಮ್ಮ ಹೊಸ ಅಲೆಯ ಚಿತ್ರಗಳ ಆರಂಭದಲ್ಲೇ ಇತ್ತು. ಆದರೆ ಚಿತ್ರದ ಮನಸ್ಸೆಲ್ಲ ಹಿಂದೆ ಉಳಿದ ತಂದೆಯ ಗುಡಿಸಲಿನಲ್ಲಿತ್ತು. ಆಗ ಅದು ಸರಿಯೇ ಆಗಿತ್ತು. ಕನ್ನಡದ ವಾಸ್ತವವಾದಿ ಸಿನಿಮಾ ಮುಂದಿನ ಐವತ್ತು ವರ್ಷವೂ ಬಹುಮಟ್ಟಿಗೆ ಆ ಗುಡಿಸಲಿನ ಬಾಗಿಲಲ್ಲೇ ನಿಂತುಬಿಟ್ಟಿತಲ್ಲ, ಅದನ್ನು ಕೋಲಾರದ ನೆಲದಲ್ಲಿ ನಿಂತು ನೋಡಿದಾಗ ಕೊರತೆಯೆಂದೇ ಹೇಳಬೇಕಾಗುತ್ತದೆ.

ಕೋಲಾರದಲ್ಲಿ ನಿಂತು ಎಂದದ್ದಕ್ಕೆ ಕಾರಣವಿದೆ. ಬಂದವರು ಕಟ್ಟಿದ, ಬಿಟ್ಟುಹೋದವರು ಸಾಕಿದ ಜಿಲ್ಲೆ ಇದು. ವರ್ಷಪೂರ್ತಿ ಹರಿಯುವ ನದಿ ಇಲ್ಲಿಲ್ಲ. ಕೆರೆಗಳು ತುಂಬಿದರೆ ಬೆಳೆ, ಇಲ್ಲದಿದ್ದರೆ ಗುಳೆ. ಮುಳಬಾಗಿಲಿನ ನಂಗಲಿ ದಾಟಿದರೆ ಆಂಧ್ರ, ಮಾಲೂರು ದಾಟಿದರೆ ಹೊಸೂರಿನ ತಮಿಳು ಸೀಮೆ, ಶ್ರೀನಿವಾಸಪುರದ ರಾಯಲ್ಪಾಡಿನಿಂದ ಕೂಗಳತೆಯಲ್ಲೇ ಮದನಪಲ್ಲಿಯ ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ತಮಿಳು ಎಲ್ಲವನ್ನೂ ಆಡುತ್ತ ಬೆಳೆದ ನಮಗೆ ಗಡಿಯೆಂದರೆ ಚೆಕ್‌ಪೋಸ್ಟಿನ ಕೋಲು ಅಷ್ಟೆ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಯನ್ನು ಕೈಗೆತ್ತಿಕೊಂಡಾಗ ಇಳಿಯುವ ಕೈಗಳು ಉತ್ತರ ಆರ್ಕಾಟಿನಿಂದ, ಸೇಲಂನಿಂದ, ಚಿತ್ತೂರಿನಿಂದ ಬಂದವು. ಬಹುತೇಕರು ಊರಿನ ಜಾತಿ ಕಟ್ಟುಪಾಡಿನಿಂದ ತಪ್ಪಿಸಿಕೊಂಡು ಬಂದ ದಲಿತರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಗಣಿಗೆ ಬಂತು, ಊರಿನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಇಳಿದವರ ಹೆಸರು ಮಾತ್ರ ಕಂಪನಿಯ ಕೂಲಿ ಪಟ್ಟಿಯಿಂದ ಹೊರಗೆ ಬರಲಿಲ್ಲ. 1930ರ ಏಪ್ರಿಲ್‌ನಲ್ಲಿ ಆ ಜನ ವಾರಗಟ್ಟಲೆ ಮುಷ್ಕರ ಹೂಡಿದರು. ಎಲ್ಲ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಬೇಕೆಂಬ ನಿಯಮ ಆ ಮುಷ್ಕರಕ್ಕೆ ಕಿಡಿಯಾಗಿತ್ತು. ಬೆರಳಚ್ಚು ಕೊಡುವುದು ಕಳ್ಳರಿಗೆ ತಕ್ಕ ಮಾತು, ದುಡಿಯಲು ಬಂದವರಿಗಲ್ಲ ಎಂದು ಅವರು ಹಟ ಹಿಡಿದರು, ಪೊಲೀಸರ ಗುಂಡಿಗೂ ಎದೆಕೊಟ್ಟರು. ಬಂದವನ ಕೈಗೆ ಕೊಡುವ ಕಾಗದ ಅವನ ರಕ್ಷಣೆಗೋ, ಅವನನ್ನು ಹಿಡಿದಿಡುವುದಕ್ಕೋ ಎಂಬ ಪ್ರಶ್ನೆಯನ್ನು ಈ ಜಿಲ್ಲೆ ಸುಮಾರು ನೂರು ವರ್ಷದ ಹಿಂದೆಯೇ ಕೇಳಿತ್ತು. ಅದನ್ನು ಕುರಿತು ಕನ್ನಡದಲ್ಲಿ ಒಂದು ಚಿತ್ರ ಬಂದದ್ದು ನಮಗೆ ನೆನಪಿಲ್ಲ.

ಎಪ್ಪತ್ತರ ದಶಕವನ್ನು ಕಂಡವರಿಗೆ ಅದು ಮಾತು ಕೊಟ್ಟ ಕಾಲವೆಂದು ಗೊತ್ತು. ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆ, ಜೀತ ವಿಮೋಚನೆ, ಕೋಲಾರದ ಹಳ್ಳಿ ಹಳ್ಳಿಯಲ್ಲಿ ದಲಿತ ಸಂಘರ್ಷ ಸಮಿತಿಯ ಹಾಡುಗಳು. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಜನರನ್ನು ಕರೆತರುವ ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಪ್ರತಿಯೊಬ್ಬರಿಗೂ ಭಾವಚಿತ್ರ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿಯ ದರವನ್ನೂ ಮಾಡಿದ ಕಡಿತವನ್ನೂ ಬರೆಯಬೇಕು, ಊರಿನಿಂದ ಬಂದು ಹೋಗುವ ಖರ್ಚು ಕೊಡಬೇಕು ಎಂದು ಅದು ಹೇಳಿತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಸರಿ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾಗದದ ಮೇಲೆ ಇದಕ್ಕಿಂತ ದೊಡ್ಡ ಭರವಸೆ ಇನ್ನೇನು ಬೇಕಿತ್ತು? ಆ ವರ್ಷಗಳ ಸಿನಿಮಾವೂ ಅಷ್ಟೇ ಎಚ್ಚರವಾಗಿತ್ತು. 1985ರ ‘ಆಕ್ಸಿಡೆಂಟ್’ನಲ್ಲಿ ಶಂಕರ್ ನಾಗ್, ಬೆಂಗಳೂರಿನ ಪಾದಚಾರಿ ಮಾರ್ಗದಲ್ಲಿ ಮಲಗಿದ ಬಡವರ ಮೇಲೆ ಅಧಿಕಾರಸ್ಥನ ಮಗನ ಕಾರು ಹರಿದುಹೋದದ್ದನ್ನು ಹಾಡಿಲ್ಲದೆ, ಅಲಂಕಾರವಿಲ್ಲದೆ ತೋರಿಸಿದರು. ಊರು ಬಿಟ್ಟು ಬಂದವರಿಗೆ ನಗರದಲ್ಲಿ ವಿಳಾಸವಿಲ್ಲ, ವಿಳಾಸವಿಲ್ಲದವರ ಸಾವಿಗೆ ಮೊಕದ್ದಮೆಯ ತೂಕವಿಲ್ಲ ಎಂಬುದನ್ನು ಆ ಚಿತ್ರ ಯಾರೂ ಮರೆಯದಂತೆ ಹೇಳಿತು. ಮರುವರ್ಷದ ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯಲ್ಲಿ ಜೀವಮಾನವೆಲ್ಲ ಸರ್ಕಾರಕ್ಕೆ ದುಡಿದವನೇ ಒಂದು ಕಡತದ ಮುಂದೆ ಸೋತು ಬುದ್ಧಿ ಕಳೆದುಕೊಂಡ. ಈ ಚಿತ್ರಗಳನ್ನು ನಮ್ಮಲ್ಲಿ ಬಹುಪಾಲು ಜನ ಟಾಕೀಸಿನಲ್ಲಿ ನೋಡಿದವರಲ್ಲ. ಗಡಿ ತಾಲ್ಲೂಕುಗಳ ಟೆಂಟುಗಳಲ್ಲಿ ಓಡುತ್ತಿದ್ದದ್ದು ಹೆಚ್ಚಾಗಿ ತೆಲುಗು, ತಮಿಳು ಚಿತ್ರಗಳು. ಪ್ರಶಸ್ತಿ ಪಡೆದ ಕನ್ನಡ ಚಿತ್ರ ನಮಗೆ ಸಿಕ್ಕಿದ್ದು ಭಾನುವಾರ ಮಧ್ಯಾಹ್ನದ ದೂರದರ್ಶನದಲ್ಲಿ, ಬೀದಿಗೊಂದೋ ಎರಡೋ ಇದ್ದ ಟಿವಿಯ ಮುಂದೆ ಚಾಪೆ ಹಾಸಿ ಕುಳಿತಾಗ. ಆ ಭಾಗ್ಯವೂ ಹೆಚ್ಚು ಕಾಲ ಉಳಿಯಲಿಲ್ಲ. ಖಾಸಗಿ ವಾಹಿನಿಗಳು ಬಂದ ಮೇಲೆ ಆ ಮಧ್ಯಾಹ್ನಗಳೂ ಹೋದವು. ಇಂದು ವಾಹಿನಿಗಳು ನೂರಿವೆ, ‘ತಬರನ ಕಥೆ’ ಎಂದು ಬರುತ್ತದೋ ಎಂದು ಕಾದು ನೋಡುವ ಹಳ್ಳಿಯ ಹುಡುಗನಿಲ್ಲ.

ತೊಂಬತ್ತರ ದಶಕದಲ್ಲಿ ಗಣಿಯ ಉಸಿರು ಕಟ್ಟುತ್ತ ಬಂತು. ಆ ಹೊತ್ತಿಗೆ, 1996ರಲ್ಲಿ, ಬೆಲ್ಜಿಯಂನ ಡಾರ್ಡೆನ್ ಸಹೋದರರು ‘ಲಾ ಪ್ರೊಮೆಸ್’ ಎಂಬ ಚಿತ್ರ ಮಾಡಿದರು. ಹೆಸರಿನ ಅರ್ಥ ಕೊಟ್ಟ ಮಾತು ಎಂದು. ಅಕ್ರಮ ವಲಸಿಗರ ಬಗ್ಗೆ ಬಂದ ಚಿತ್ರಗಳಲ್ಲಿ ಅದನ್ನು ಮೀರಿಸಿದ್ದನ್ನು ನಾವು ನೋಡಿಲ್ಲ. ಉಕ್ಕಿನ ಕೆಲಸ ಕ್ಷೀಣಿಸಿದ ಸೆರೆಂಗ್ ಎಂಬ ಊರಿನಲ್ಲಿ ಒಬ್ಬ ತಂದೆ ಕಾಗದಪತ್ರವಿಲ್ಲದೆ ದೇಶದೊಳಗೆ ಬಂದವರಿಗೆ ಕೋಣೆ ಬಾಡಿಗೆ ಕೊಡುತ್ತಾನೆ, ಅವರನ್ನೇ ತನ್ನ ಕಟ್ಟಡದ ಕೆಲಸಕ್ಕೆ ಹಚ್ಚುತ್ತಾನೆ. ಹದಿಹರೆಯದ ಮಗ ಇಗೋರ್ ಅವನ ಬಲಗೈ. ಒಂದು ದಿನ ತಪಾಸಣೆಯವರು ಬಂದರೆಂಬ ಗಾಬರಿಯಲ್ಲಿ ಆಫ್ರಿಕಾದ ಬುರ್ಕಿನಾ ಫಾಸೋದಿಂದ ಬಂದ ಹಮೀದು ಸಾರುವೆಯಿಂದ ಬೀಳುತ್ತಾನೆ. ಆಸ್ಪತ್ರೆಗೆ ಸೇರಿಸಿದರೆ ಗುಟ್ಟು ರಟ್ಟಾಗುತ್ತದೆಂದು ತಂದೆ ಅವನನ್ನು ಸಾಯಲು ಬಿಡುತ್ತಾನೆ. ಹೆಂಡತಿ ಮಗುವನ್ನು ನೋಡಿಕೊಳ್ಳುತ್ತೇನೆಂದು ಸಾಯುವವನಿಗೆ ಮಾತು ಕೊಟ್ಟ ಹುಡುಗ ಆ ಮಾತಿಗೆ ಕಟ್ಟುಬಿದ್ದು ತಂದೆಯನ್ನೇ ಎದುರು ಹಾಕಿಕೊಳ್ಳುತ್ತಾನೆ. ಅದನ್ನು ನೋಡಿದ ಕೋಲಾರದವನಿಗೆ ಚಿನ್ನದ ಗಣಿಯ ಊರಿಗಾಮ, ಚಾಂಪಿಯನ್ ರೀಫ್ಸ್ ನೆನಪಾಗದೆ ಇರಲಾರದು. ಕೆಲಸ ಸತ್ತ ಊರಿನಲ್ಲಿ ಬಡವನೇ ಇನ್ನೊಬ್ಬ ಬಡವನ ಮೇಸ್ತ್ರಿಯಾಗುವ ಬಗೆ ನಮಗೂ ಗೊತ್ತಿರುವುದೇ. ಆ ಚಿತ್ರದ ದೊಡ್ಡತನವಿರುವುದು ವಲಸಿಗನ ಗೋಳನ್ನು ತೋರಿಸಿದ್ದರಲ್ಲಿ ಮಾತ್ರವಲ್ಲ, ಅವನ ಬೆವರನ್ನು ಉಣ್ಣುವ ಮನೆಯೊಳಗೆ ಕ್ಯಾಮೆರಾ ಇಟ್ಟು ಆ ಮನೆಯ ಹುಡುಗನ ಕೈಯಲ್ಲೇ ಲೆಕ್ಕ ಕೇಳಿಸಿದ್ದರಲ್ಲಿ. ನಮ್ಮ ಚಿತ್ರಗಳು ಹಾಗೆ ಲೆಕ್ಕ ಕೇಳಿದ್ದು ಭೂಮಾಲೀಕನನ್ನು, ಪುರೋಹಿತನನ್ನು, ಅಧಿಕಾರಿಯನ್ನು. ಬಾಡಿಗೆಗೆ ಶೆಡ್ಡು ಕೊಡುವವನನ್ನು, ಹೊರರಾಜ್ಯದ ಕೂಲಿ ಅಗ್ಗವೆಂದು ಖುಷಿಪಡುವ ನಮ್ಮಂಥವರನ್ನು ಅವು ಇನ್ನೂ ಕೇಳಿಲ್ಲ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಒಂದು ಶತಮಾನದ ಹಿಂದೆ ಬಂದವರ ಮೊಮ್ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಾದರು. ಇಂದಿಗೂ ಹೋಗುತ್ತಿದ್ದಾರೆ. ಮರುವರ್ಷ ತೆರೆಗೆ ಬಂದ ‘ದ್ವೀಪ’ವನ್ನು ಇಲ್ಲಿ ನೆನೆಯಲೇಬೇಕು. ಸೌಂದರ್ಯ ಮುಳಬಾಗಿಲು ಸೀಮೆಯ ಹೆಣ್ಣುಮಗಳು. ತೆಲುಗಿನಲ್ಲಿ ಗಳಿಸಿದ ಹೆಸರನ್ನೂ ಹಣವನ್ನೂ ಅವರು ನಾ. ಡಿಸೋಜರ ಕಾದಂಬರಿ ಆಧರಿಸಿದ ಕಾಸರವಳ್ಳಿಯವರ ಚಿತ್ರಕ್ಕೆ ಹಾಕಿ, ತಾವೇ ನಾಗಿಯಾಗಿ ನಟಿಸಿದರು. ಅಣೆಕಟ್ಟಿನ ನೀರು ಮನೆಯ ಸುತ್ತ ಏರುತ್ತಿದ್ದಾಗ ಬಿಟ್ಟು ಹೋಗಲಾರದವರ ಕಥೆ ಅದು. ಅಂದಿನ ಚೋಮ ವಾಸುದೇವ ರಾವ್ ಅದರಲ್ಲಿ ದುಗ್ಗಜ್ಜನಾಗಿದ್ದರು. ಸ್ವರ್ಣ ಕಮಲ ಮತ್ತೆ ಕನ್ನಡಕ್ಕೆ ಬಂತು. 2004ರ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ಸೌಂದರ್ಯ ತೀರಿಕೊಂಡರು. ಇಂಥ ಚಿತ್ರಗಳಿಗೆ ತಮ್ಮ ಸ್ವಂತ ಗಳಿಕೆಯನ್ನು ಸುರಿಯುವ ತಾರೆಯೊಬ್ಬರು ಈ ಜಿಲ್ಲೆಯಿಂದ ಮತ್ತೆ ಬಂದಿಲ್ಲ. ಅವರ ಅಗಲಿಕೆಯಿಂದ ಕನ್ನಡದ ವಾಸ್ತವವಾದಿ ಚಿತ್ರಕ್ಕಾದ ನಷ್ಟವನ್ನು ನಾವು ಸರಿಯಾಗಿ ಅಳೆದೂ ಇಲ್ಲ.

ಅಲ್ಲಿಂದ ಮುಂದೆ ಜಿಲ್ಲೆಯ ಮುಖವೇ ಬದಲಾಯಿತು. ನರಸಾಪುರ, ವೇಮಗಲ್ ಕಡೆ ಕೈಗಾರಿಕೆ ಬಂತು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಆ ನೀರಿನ ಗುಣದ ಬಗ್ಗೆ ತಕರಾರು ಇದ್ದರೂ ಒಣಗಿದ್ದ ಕೆರೆಗಳು ತುಂಬಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶಕ್ಕೆಲ್ಲ ಹೆಸರಾಯಿತು, ಶ್ರೀನಿವಾಸಪುರದ ಮಾವಿನ ಲಾರಿಗಳು ಉತ್ತರದ ಊರುಗಳನ್ನು ಮುಟ್ಟಿದವು. ಇವೆಲ್ಲ ಗಳಿಕೆಯೇ, ಹಿಂಜರಿಯದೆ ಒಪ್ಪೋಣ. ಈ ಗಳಿಕೆಯ ಭಾರ ಹೊರಲು ಬಂದವರಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ ಕಡೆಯವರು ವರ್ಷದಿಂದ ವರ್ಷಕ್ಕೆ ಹೆಚ್ಚಿದರು. ಮಾಲೂರಿನ ಹಂಚು, ಇಟ್ಟಿಗೆಗೆ ಹಳೆಯ ಹೆಸರಿದೆ. ಇಟ್ಟಿಗೆ ಗೂಡಿನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸಂಜೆ ನೆನೆಹಾಕಿದ ಮಣ್ಣನ್ನು ನಸುಕಿನಲ್ಲಿ ತುಳಿದು ಹದ ಮಾಡುತ್ತಾರೆ. ಗಂಡ ಮಣ್ಣು ತಂದು ಸುರಿದರೆ ಹೆಂಡತಿ ಕುಕ್ಕರಗಾಲಲ್ಲಿ ಕೂತು ಅಚ್ಚಿಗೆ ಮರಳು ಉದುರಿಸಿ, ಮಣ್ಣಿನ ಮುದ್ದೆ ಬಡಿದು, ಮೇಲೆ ಸವರಿ, ನೆಲಕ್ಕೆ ಬೋರಲು ಹಾಕುತ್ತಾಳೆ. ಒಂದೊಂದು ಅಚ್ಚಿಗೂ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾಳೆ. ಅರ್ಧ ಒಣಗಿದ ಇಟ್ಟಿಗೆಯನ್ನು ಮಗ್ಗುಲಿಗೆ ತಿರುಗಿಸಿ ನಿಲ್ಲಿಸುವ ಕೆಲಸ ಮಕ್ಕಳದು, ಅದಕ್ಕೆ ಸಣ್ಣ ಕೈಗಳೇ ಅನುಕೂಲವಂತೆ. ಕೂಲಿ ಸಾವಿರ ಇಟ್ಟಿಗೆಯ ಲೆಕ್ಕದಲ್ಲಿ, ಅದೂ ಇಡೀ ಕುಟುಂಬಕ್ಕೆ ಸೇರಿ. ಅಕಾಲದ ಮಳೆ ಬಿದ್ದು ಹಸಿ ಇಟ್ಟಿಗೆ ಕರಗಿದರೆ ನಷ್ಟ ದುಡಿದವರ ಪಾಲಿಗೇ ಬೀಳುವುದುಂಟು. ಊರಿನಲ್ಲಿ ಮೇಸ್ತ್ರಿ ಕೊಟ್ಟ ಮುಂಗಡ ಕಳೆದು ಉಳಿದದ್ದು ಕೈಗೆ ಸಿಗುವುದು ಹಂಗಾಮು ಮುಗಿದ ಮೇಲೆ. ಅಲ್ಲಿಯವರೆಗೆ ವಾರಕ್ಕಿಷ್ಟು ಖರ್ಚಿನ ಕಾಸು. ಚೋಮನ ಮಕ್ಕಳ ತೋಟದ ಲೆಕ್ಕ ಇದಕ್ಕಿಂತ ಬೇರೆಯಾಗಿರಲಿಲ್ಲ. 1979ರ ಕಾಯ್ದೆ ಹೇಳಿದ ಆ ಪಾಸ್‌ಬುಕ್ಕು ಎಷ್ಟು ಜನರ ಕೈಯಲ್ಲಿದೆ ಎಂದು ಗೂಡುಗಳ ಬಳಿ ಹೋಗಿ ಯಾರಾದರೂ ಕೇಳಲಿ. ಈಗ ಆ ಕಾಯ್ದೆಯೇ 2020ರ ಕಾರ್ಮಿಕ ಸಂಹಿತೆಯೊಳಗೆ ಲೀನವಾಗಿದೆ.

2020 ಎಂಬ ಒಂದೇ ವರ್ಷ ಈ ಐವತ್ತು ವರ್ಷದ ಕಥೆಯನ್ನೆಲ್ಲ ಬಯಲಿಗೆಳೆಯಿತು. ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮವಾಗಿ ಬಂದ ಬಾಂಗ್ಲಾದೇಶಿಯರೆಂದು ಹೇಳಿ ಗುಡಿಸಲುಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರದವರಿದ್ದರು. ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ಆಧಾರ್, ಮತದಾರರ ಚೀಟಿ ಹಿಡಿದು ಅವರು ಮಣ್ಣಿನ ರಾಶಿಯ ಮೇಲೆ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದೆವು. ಹೈಕೋರ್ಟ್ ಮಧ್ಯೆ ಬಂದು ತೆರವು ಕಾರ್ಯಾಚರಣೆಯನ್ನು ಕಟುವಾಗಿ ಪ್ರಶ್ನಿಸಬೇಕಾಯಿತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮೇ ಮೊದಲ ವಾರ ಮುಖ್ಯಮಂತ್ರಿ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಬೆನ್ನಿಗೇ ರಾಜ್ಯ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ ರೈಲು ಬೇಡವೆಂದು ರೈಲ್ವೆಗೆ ಬರೆದು, ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಹಿಂತೆಗೆದುಕೊಂಡಿತು. ಆ ರೈಲುಗಳಲ್ಲಿ ಹಲವು ಹೊರಟದ್ದು ನಮ್ಮ ಮಾಲೂರು ನಿಲ್ದಾಣದಿಂದ. ಬೆಂಗಳೂರಿನಿಂದ ಬಸ್ಸುಗಳಲ್ಲಿ ತಂದು ಇಳಿಸಿದ ಸಾವಿರಾರು ಜನ ಚೀಲ, ಬಕೆಟ್, ಮಗು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಅಂತರ ಕಾಯ್ದು ಕುಳಿತರು. ದಿನವೂ ಅದೇ ನಿಲ್ದಾಣದಿಂದ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದ ನಮ್ಮವರು ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದರು. ಬಂದವನೂ ಹೋದವನೂ ಒಂದೇ ಹಳಿಯ ಮೇಲಿನ ಜನ ಎಂಬುದು ಆ ಬೇಸಿಗೆಯಲ್ಲಿ ತಿಳಿದಷ್ಟು ಯಾವ ಭಾಷಣದಿಂದಲೂ ತಿಳಿದಿರಲಿಲ್ಲ. ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಸಂಬಳ ಸರಿಯಾಗಿ ಬಂದಿಲ್ಲವೆಂದು ಗುತ್ತಿಗೆ ಕಾರ್ಮಿಕರು ಸಿಡಿದೆದ್ದರು. ಮೊದಲು ಸುದ್ದಿಯಾದದ್ದು ಒಡೆದ ಗಾಜು. ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿರಲಿಲ್ಲವೆಂದು ಕಂಪನಿ ಕ್ಷಮೆ ಕೇಳಿದ್ದು ಆಮೇಲೆ.

ಸಿನಿಮಾ ಇದಕ್ಕೆ ಏನು ಹೇಳಿತು? ‘ಕೆಜಿಎಫ್’ 2018ರಲ್ಲೂ 2022ರಲ್ಲೂ ದೇಶವನ್ನೇ ಅಲ್ಲಾಡಿಸಿತು. ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣವಾಗಿ ಊರಿನ ಕೆಲವರಿಗೆ ಒಂದಷ್ಟು ದಿನ ಕೂಲಿ ಸಿಕ್ಕಿತು. ಆದರೆ ಅದರ ಗಣಿಯಲ್ಲಿ ಕಾರ್ಮಿಕರು ನಾಯಕನ ಹಿಂದೆ ಕಪ್ಪಾಗಿ ಕಾಣುವ ಗುಂಪು ಮಾತ್ರ. ಅವರಿಗೆ ಮುಷ್ಕರವಿಲ್ಲ, ಸಂಘವಿಲ್ಲ, ಬಿಡಿಸಲು ಒಬ್ಬ ಬರಬೇಕು. ನಿಜವಾದ ಗಣಿಯ ಜನ 1930ರಲ್ಲಿ ಯಾವ ನಾಯಕನಿಗೂ ಕಾದು ಕುಳಿತವರಲ್ಲ. ಉತ್ತರ ಆರ್ಕಾಟಿನಿಂದ ಚಿನ್ನ ಹುಡುಕಿ ಬಂದವರ ಪೂರ್ವಕಥೆಯನ್ನು 2024ರಲ್ಲಿ ಪಾ. ರಂಜಿತ್ ‘ತಂಗಲಾನ್’ನಲ್ಲಿ ತಮಿಳಿನಲ್ಲಿ ಹೇಳಿದರು. ನಮ್ಮ ಮಣ್ಣಿನ ಕಥೆಯನ್ನು ನೆರೆಯವರು ಮೊದಲು ಹೇಳಿದರೆಂದು ಅಸೂಯೆ ಬೇಡ, ನಾಚಿಕೆಯಂತೂ ಇರಲಿ. ಕನ್ನಡದಲ್ಲಿ ಅದೇ ವರ್ಷ ತೆರೆಗೆ ಬಂದ ಉತ್ಸವ್ ಗೋನವಾರ ಅವರ ‘ಫೋಟೋ’ ಒಂದು ದೊಡ್ಡ ಸಮಾಧಾನ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ರಾಯಚೂರಿನ ಕಡೆಯಿಂದ ತಂದೆಯ ಬಳಿ ಬಂದ ಹುಡುಗ, ಲಾಕ್‌ಡೌನ್‌ನಲ್ಲಿ ಊರಿಗೆ ಹಿಂದಿರುಗುವ ಹಾದಿ. ಕೂಗಾಟವಿಲ್ಲದ ಆ ಚಿತ್ರ ಗುಳೆ ಹೋದವರ ಜೊತೆ ಹೆಜ್ಜೆ ಹಾಕಿತು. ನಮ್ಮ ಜನ ನಡೆದದ್ದು ತೆರೆಗೆ ಬಂತು. ನಮ್ಮಲ್ಲಿಗೆ ಬಂದವರದು ಬರಲಿಲ್ಲ.

ಇಲ್ಲಿ ‘ಅಕ್ರಮ’ ಎಂಬ ಮಾತನ್ನು ನೇರವಾಗಿ ಎದುರಿಸಬೇಕು. ಗಡಿ ಕಾಯುವುದು, ಬಂದವರು ಯಾರೆಂದು ವಿಚಾರಿಸುವುದು ಸರ್ಕಾರದ ಕರ್ತವ್ಯ. ಅದರಲ್ಲಿ ತಕರಾರಿಲ್ಲ. ಇದೇ ರಾಜ್ಯ ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ, ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರಿಗೆ ನೆಲ ಕೊಟ್ಟಿದೆ, ಅದರಿಂದ ಕನ್ನಡನಾಡು ಬಡವಾಗಲಿಲ್ಲ. ಈಗ ಹೆಸರಿನಿಂದ, ಉಡುಪಿನಿಂದ, ಆಡುವ ಬಂಗಾಳಿ ನುಡಿಯಿಂದ ಒಬ್ಬನನ್ನು ಅಕ್ರಮವೆಂದು ತೀರ್ಮಾನಿಸುವ ಅವಸರ ಬೆಳೆದಿದೆ. ನೆಲಮಂಗಲದ ಸೊಂಡೆಕೊಪ್ಪದಲ್ಲಿ ವಿದೇಶಿಯರಿಗೆಂದು ಬಂಧನ ಕೇಂದ್ರವೂ ಆಗಿದೆ. ಒಂದು ವೇಳೆ ಒಬ್ಬ ನಿಜವಾಗಿಯೂ ಕಾಗದವಿಲ್ಲದೆ ಬಂದವನೇ ಆದರೂ ಸಂವಿಧಾನದ 21ನೇ ವಿಧಿ ಜೀವದ ರಕ್ಷಣೆಯನ್ನು ಕೊಟ್ಟಿರುವುದು ನಾಗರಿಕನಿಗೆ ಮಾತ್ರವಲ್ಲ, ಯಾವುದೇ ವ್ಯಕ್ತಿಗೆ. ಅವನು ಮಾಡಿದ ಇಟ್ಟಿಗೆ ಅಕ್ರಮವಲ್ಲ, ಆ ಇಟ್ಟಿಗೆಯಿಂದ ಎದ್ದ ಮನೆ ಅಕ್ರಮವಲ್ಲ ಎಂದಾದರೆ ಅವನ ಕೂಲಿಯನ್ನು ಹಿಡಿದಿಡುವುದು ಯಾವ ನ್ಯಾಯ? ಇದು ಪರರ ಮಾತಷ್ಟೇ ಅಲ್ಲ. ಶ್ರೀನಿವಾಸಪುರದವರಿಗೆ ನಂಟು ನೆಂಟಸ್ತಿಕೆ ಇರುವ ಮದನಪಲ್ಲಿ, ರಾಯಚೋಟಿ, ಕಡಪದ ಕಡೆಯಿಂದ ಎಷ್ಟೋ ಹೆಂಗಸರು ಕುವೈತಿಗೆ ಮನೆಗೆಲಸಕ್ಕೆ ಹೋಗಿದ್ದಾರೆ. ಹೊಡೆತ ತಾಳದೆ ಮಾಲೀಕನ ಮನೆ ಬಿಟ್ಟು ಓಡಿದ ದಿನವೇ ಅಲ್ಲಿನ ಕಾನೂನಿಗೆ ಅವರು ಅಕ್ರಮ ವಲಸಿಗರು. 2018ರಲ್ಲಿ ಕುವೈತ್ ಕ್ಷಮಾದಾನ ಸಾರಿದಾಗ ಅಂಥವರಲ್ಲಿ ಹಲವರು ಊರಿಗೆ ಬಂದರು. ಮಲಯಾಳದಲ್ಲಿ 1980ರ ‘ವಿಲ್ಕ್ಕಾನುಂಡು ಸ್ವಪ್ನಂಗಳ್’ನಿಂದ 2015ರ ‘ಪತ್ತೇಮಾರಿ’, 2024ರ ‘ಆಡುಜೀವಿತಂ’ವರೆಗೆ ಕೊಲ್ಲಿ ವಲಸೆಯ ಚಿತ್ರಗಳ ಒಂದು ಪರಂಪರೆಯೇ ಇದೆ. ನಮ್ಮ ಗಡಿಯ ಹೆಂಗಸರ ಬಗ್ಗೆ ಅಂಥದ್ದೊಂದು ಪರಂಪರೆ ಕನ್ನಡದಲ್ಲಿ ಕಟ್ಟಿಲ್ಲ.

ಹಣವಿಲ್ಲ, ಚಿತ್ರಮಂದಿರವಿಲ್ಲ ಎಂಬ ನೆಪ ಈಗ ನಡೆಯದು. ಫೋನಿನ ಕ್ಯಾಮೆರಾದಲ್ಲೇ ಚಿತ್ರ ಮಾಡುವ ಕಾಲ ಬಂದಿದೆ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿ ಹಾಡು, ನಾಟಕ ನೋಡಿ ಬೆಳೆದ ಒಂದು ಪೀಳಿಗೆ ಈ ಜಿಲ್ಲೆಯಲ್ಲಿದೆ. ಆ ಹುಡುಗ ಹುಡುಗಿಯರಿಗೆ ನಮ್ಮ ಬೇಡಿಕೆ ಇಷ್ಟೇ: ಗೂಡಿನ ಪಕ್ಕದ ಶೆಡ್ಡಿಗೆ ಹೋಗಿ, ಮೊದಲು ಕ್ಯಾಮೆರಾ ಇಲ್ಲದೆ ಹೋಗಿ, ಒಡಿಯಾವನ್ನೋ ಬಂಗಾಳಿಯನ್ನೋ ನಾಲ್ಕು ಮಾತು ಕಲಿತು ಅವರ ಲೆಕ್ಕವನ್ನು ಕೇಳಿಸಿಕೊಳ್ಳಿ. ಶೆಡ್ಡಿನ ಮಾಲೀಕ ನಿಮ್ಮ ಚಿಕ್ಕಪ್ಪನೇ ಆಗಿದ್ದರೆ ಅವನ ಲೆಕ್ಕವನ್ನೂ ಬಿಡಬೇಡಿ. ಜಿಲ್ಲಾಡಳಿತಕ್ಕೆ ಇನ್ನೊಂದು ಬೇಡಿಕೆ. ಮುಂದಿನ ಹಂಗಾಮು ಶುರುವಾಗುವ ಮೊದಲು ಆರೂ ತಾಲ್ಲೂಕುಗಳಲ್ಲಿ ಹೊರರಾಜ್ಯದಿಂದ ಬಂದು ದುಡಿಯುವವರ ಹೆಸರು, ಪಡೆದ ಮುಂಗಡ, ಕೂಲಿಯ ದರ, ಕರೆತಂದ ಗುತ್ತಿಗೆದಾರನ ಹೆಸರು ಬರೆದ ಪಟ್ಟಿಯೊಂದನ್ನು ಮಾಡಿ, ಅದರ ಒಂದು ಪ್ರತಿಯನ್ನು ದುಡಿಯುವವನ ಭಾಷೆಯಲ್ಲಿ ಅವನ ಕೈಗೇ ಕೊಡಬೇಕು. 1979ರಲ್ಲಿ ಸಂಸತ್ತು ಒಪ್ಪಿದ್ದ ಮಾತು ಇದು.